ಗೋಡೆಗೆ ಒರಗಿ ಕುಳಿತವರು

ಮಲಗಿದರೆ ಕುಬೇರಪ್ಪನವರಿಗೆ ಉಸಿರು ಸಿಗುತ್ತಿರಲಿಲ್ಲ. ಇರಮ ಅವರ ಕಂಕುಳಲ್ಲಿ ಕೈ ಹಾಕಿ, ಇಷ್ಟಿಷ್ಟೇ ಹಿಂದಕ್ಕೆ ಸರಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದಳು. ಬೆನ್ನಿಗೊಂದು ದಿಂಬು, ಎರಡೂ ಪಕ್ಕಕ್ಕೆ ಮಡಚಿದ ಕೌದಿ ಕೊಟ್ಟರೂ ಮೈ ಬಲಕ್ಕೆ ವಾಲಿತು. ಶಲ್ಯವನ್ನು ಎದೆಯ ಸುತ್ತ ಸಡಿಲವಾಗಿ ಬಳಸಿ ತುದಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದಳು.

“ಬಿಗಿ ಆತೇನ್ರಿ ಅಜ್ಜಾರ?”

“ಇಲ್ಲ ತಂಗಿ, ಹಗೂರ ಆತು. ಎಮ್ಮಿ ಕಟ್ಟಿದಂಗ ಕಟ್ಟೀಯಲ್ಲ, ಓಡಿ ಹೋಗ್ತೇನಂತ ತಿಳದಿಯೇನು?”

ಇರಮ ನಕ್ಕಳು, ಆದರೆ ಕಣ್ಣು ಗಡಿಯಾರದ ಮೇಲೇ ಇತ್ತು. ನಿಮಿಷಕ್ಕೆ ಮೂವತ್ತನಾಲ್ಕಿದ್ದ ಉಸಿರು ಇಪ್ಪತ್ತಾರಕ್ಕೆ ಇಳಿದಿತ್ತು. ವಾಸಿಯಾಗದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ತರಬೇತಿ ಪಡೆದ ಮೇಲೆ ಪ್ರತಿ ಮಂಗಳವಾರ ಅವಳು ಹುಲಗೂರಿನಿಂದ ಬಸ್ಸು ಹಿಡಿದು ದುಂಡಸಿಗೆ ಬರುತ್ತಿದ್ದಳು. ಪ್ರತಿ ಹೊಸ್ತಿಲಲ್ಲೂ ಒಂದು ಕ್ಷಣ ನಿಂತು, ಏನು ಆಡಬಾರದು ಎಂಬುದನ್ನು ನೆನಪಿಸಿಕೊಂಡೇ ಒಳಗೆ ಕಾಲಿಡುವಳು. ಈ ಮನೆಯಲ್ಲಿ ಆಡಬಾರದ್ದು ಒಂದೇ. ಕುಬೇರಪ್ಪನವರ ಹೆಂಡತಿ ಹೊನ್ನವ್ವ ಮೊದಲ ದಿನವೇ ಹೇಳಿಬಿಟ್ಟಿದ್ದಳು: “ಎದ್ಯಾಗ ಕಫಾ ಕಟ್ಟೈತಿ ಅಂತ ಅವರಿಗೆ ಹೇಳೇವಿ. ಆ ಬ್ಯಾನಿ ಹೆಸರು ನಿನ್ನ ಬಾಯಾಗ ಬಂತಂದ್ರ ಮತ್ತ ಈ ಹೊಸ್ತಿಲಾ ತುಳೀಬ್ಯಾಡ.”

ಇರಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮುದುಕನ ಮುಖ ಒರೆಸಿದಳು.

“ಮಾರಿ ತೊಳದಿ, ಇಬತ್ತಿನೂ ಹಚ್ಚಿಬಿಡು.”

“ನಾ ಹಚ್ಚಬಹುದೇನ್ರಿ?”

“ನನ್ನ ಕೈ ಮ್ಯಾಲ ಏಳವಲ್ದು. ನಿನಗ ಮೂರು ಬಟ್ಟು ಅದಾವಿಲ್ಲ?”

ಮೂರು ಬೆರಳಿನಿಂದ ಅವಳು ಹಣೆಗೆ ವಿಭೂತಿ ಎಳೆದಳು. ಎಷ್ಟೋ ರಾತ್ರಿಗಳಿಂದ ಇಲ್ಲದ ನಿದ್ದೆ ಅವರಿಗೆ ಕೂತಲ್ಲೇ ಹತ್ತಿತು. ಬಾಯಿ ತುಸು ತೆರೆದುಕೊಂಡಿತು.

ಹಿಟ್ಟಿನ ಗಿರಣಿಗೆ ಹೋಗಿದ್ದ ಹೊನ್ನವ್ವ ಬಾಗಿಲಿಗೆ ಬಂದಳು. ಗೋಡೆಗೆ ಕೂರಿಸಿದ ಗಂಡ, ತೊಳೆದ ಮುಖ, ಹೊಸ ವಿಭೂತಿ, ಬೀಳದಂತೆ ಕಟ್ಟಿದ ಶಲ್ಯ. ತಲೆಯ ಮೇಲಿನ ಡಬ್ಬಿ ಕೆಳಗೆ ಬಿದ್ದು ಜೋಳದ ಹಿಟ್ಟು ಪಡಸಾಲೆಯ ತುಂಬ ಹರಡಿತು.

ಇರಮಳಿಗೆ ಹೊಳೆದದ್ದು ಆಗಲೇ. ಲಿಂಗವಂತರು ಸತ್ತವರನ್ನು ಹೀಗೇ ಮುಖ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಕೂರಿಸುತ್ತಾರೆ. ಹುಲಗೂರಿನ ಬೀದಿಯಲ್ಲಿ ಹೂವಿನ ವಿಮಾನದೊಳಗೆ ಕುಳಿತು ಮಣ್ಣಿಗೆ ಹೋದವರನ್ನು ಅವಳು ಎಷ್ಟೋ ಸಲ ನೋಡಿದ್ದಳು. ಮಾತಿಗೆ ಅಷ್ಟು ಹೆದರುವವಳು ತನ್ನ ಕೈ ಮಾಡುತ್ತಿದ್ದುದನ್ನು ನೋಡಿರಲಿಲ್ಲ.

“ಅಮ್ಮಾರ, ಇಲ್ರಿ, ನಿದ್ದಿ ಹತ್ತೈತಿ...”

ಹೊನ್ನವ್ವನಿಗೆ ಕೇಳಿಸಲಿಲ್ಲ. ಹಿಟ್ಟಿನಲ್ಲೇ ಕುಸಿದು ಕುಳಿತಿದ್ದಳು. ನಲವತ್ತು ವರ್ಷ ಗಂಡನನ್ನು ‘ರೀ’ ಎನ್ನುತ್ತಿದ್ದವಳ ಬಾಯಲ್ಲಿ ಈಗ ‘ನೀ’ ಬಂದಿತ್ತು.

“ಒಬ್ಬನ ಹೊಂಟ್ಯೇನೋ ನನ್ನಪ್ಪಾ... ಕಫಾ ಅಂತ ಸುಳ್ಳ ಹೇಳಿದ್ನೋ ನಿನಗ... ಮೂರ ತಿಂಗಳಾ ಅಂದಿದ್ರೋ ದವಾಖಾನ್ಯಾಗ, ಮುಂಗಾರಿಗೆ ಏನ ಬಿತ್ತೂಣು ಅಂತ ಕೇಳಿದ್ನೋ ನಾ ಪಾಪಿ... ಹಿತ್ತಲದಾಗ ಬಾಯಾಗ ಸೆರಗ ತುರುಕ್ಕೊಂಡು ನಿಂತೆನೋ, ಒಂದ ದಿನಾನೂ ನಿನ್ನ ಮುಂದ ಅಳಲಿಲ್ಲೋ...”

“ಹೊನ್ನೀ.”

ಅಳು ಕತ್ತರಿಸಿದಂತೆ ನಿಂತಿತು. ಕುಬೇರಪ್ಪನವರ ಕಣ್ಣು ತೆರೆದಿದ್ದವು. ಯಾವಾಗಿನಿಂದ ತೆರೆದಿದ್ದವೋ ಇರಮಳಿಗೂ ತಿಳಿಯಲಿಲ್ಲ.

“ಎಷ್ಟ ತಿಂಗಳಾ ಅಂದಿ?”

ಹೊನ್ನವ್ವ ಇರಮಳ ಮುಖ ನೋಡಿದಳು.

“ಆಕಿನ್ನ ಯಾಕ ನೋಡ್ತಿ, ನೀ ಹೇಳು.”

“ಮೂರು.”

“ಯಾವಾಗ ಅಂದಿದ್ರು?”

“ಸಂಕ್ರಾಂತಿ ಮುಂದ.”

ಯುಗಾದಿ ಕಳೆದು ಎರಡು ವಾರವಾಗಿತ್ತು. ಮುದುಕನ ತುಟಿ ಒಂದೊಂದೇ ತಿಂಗಳು ಎಣಿಸಿತು; ಮೂರೂ ಮುಗಿದಿದ್ದವು. ಆಮೇಲೆ ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡು ಹೇಳಿದರು: “ನೀ ಅಳೂದು ಕೇಳಾಕ ನಾ ಸಾಯಬೇಕಿತ್ತೇನ?”

ಇರಮ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅಳು ಕೇಳಿದ ಎದುರು ಮನೆಯ ಹುಲಗೇಶ ಕಿವಿಗೆ ಫೋನ್ ಹಿಡಿದುಕೊಂಡೇ ಅಂಗಳ ದಾಟಿ ಬರುತ್ತಿದ್ದ. ಅವನ ಹಿಂದೆ ಬಾಯಿಗೆ ಸೆರಗು ಹಿಡಿದ ಇಬ್ಬರು ಹೆಂಗಸರು.

“ಯಾವಾಗ ಹೋದ್ರು?”

“ಹೋಗಿಲ್ರಿ. ಉಸಿರಿಗೆ ಅನುಕೂಲ ಆಗ್ಲಿ ಅಂತ ಕುಂದರ್ಸಿದ್ದೆ. ತಪ್ಪು ನಂದು.”

ಹುಲಗೇಶ ಫೋನ್ ಇಳಿಸಿದ. “ಸವಣೂರಿನ ಅವರ ತಂಗಿಗೆ ಹೇಳೇಬಿಟ್ಟೆನಲ್ಲಬೇ. ಬೋರ್ಯಾಡಿ ಅಳಕೋತ ಬಸ್‌ಸ್ಟ್ಯಾಂಡಿಗೆ ಹೊಂಟಾಳ. ಇನ್ನ ಏನಂತ ತಿರುಗಿಸ್ಲಿ?”

ಇರಮ ಪ್ರತಿ ಸಲದಂತೆ ಮಾತನ್ನು ಮನಸ್ಸಿನಲ್ಲಿ ತೂಗಲು ಹೋದಳು, ಆಮೇಲೆ ಬಿಟ್ಟಳು. “ತಿರುಗಿಸಬ್ಯಾಡ್ರಿ. ಬರ್ಲಿ. ಬಂದು ಅವರ ಕೂಡ ಮಾತಾಡ್ಲಿ.”

ಅಷ್ಟರಲ್ಲಿ ಬಾಗಿಲ ಹಿಂದೆ ಮತ್ತೆ ಅಳು ಎದ್ದಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಮತ್ತ ಒಳಗ ಯಾರ ಅಳಾಕತ್ತಾರ?” ಎಂದ ಹುಲಗೇಶ.

ಇರಮ ಬಾಗಿಲಿಗೆ ಕಿವಿಗೊಟ್ಟಳು.

“ಇಬ್ಬರೂ,” ಎಂದಳು.