ಬಾಯಿ ಬಿಟ್ಟ ಸೊನ್ನೆ

"ಇದರ ಸ್ಟಿಕರ್ ಕೆರೆದಿದ್ದು ಯಾರು?"

ಬೇರಿಂಗ್ ಅಂಗಡಿಯವನು ಕೇಳಿದ್ದು ಗುಜರಿ ಅಂಗಡಿಯವನನ್ನ. ಟೇಬಲ್ ಮೇಲೆ ಇಟ್ಟಿಗೆಗಿಂತ ಒಂಚೂರು ದಪ್ಪಗಿನ ಕಪ್ಪು ಡಬ್ಬಿ. ಲೇಸರ್ ಯಂತ್ರದ ತಲೆ ಅದು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಎರಡು ಕನ್ನಡಿ. ಒಂದು ಬೆಳಕನ್ನ ಅಡ್ಡಡ್ಡ ಓಡಿಸುತ್ತೆ, ಇನ್ನೊಂದು ಉದ್ದುದ್ದ. ಉಕ್ಕಿನ ಮೇಲೆ ನಂಬರು ಸುಟ್ಟು ಬರೆಯೋದು ಹೀಗೇ. ನೋಡಿ ತಮಾಷೆ, ಜನ್ಮವೆಲ್ಲಾ ಕಂಡಕಂಡದ್ದಕ್ಕೆ ನಂಬರು ಹಾಕಿದ ಪ್ರಾಣಿ, ಅದಕ್ಕೇ ಹೆಸರಿಲ್ಲ, ನಂಬರಿಲ್ಲ.

"ಎಲ್ಲಿಂದ ಬಂತು ಅಂತ ಕೇಳ್ಬೇಡಿ ಸಾರ್," ಅಂದ ಗುಜರಿಯವನು. "ಕೇಳಿದ್ರೆ ಸುಳ್ಳು ಹೇಳ್ಬೇಕು. ನಂಗೀಗ ಅಷ್ಟು ತ್ರಾಣ ಇಲ್ಲ."

ತ್ರಾಣ ಬೇರಿಂಗ್ ಅಂಗಡಿಯವನಿಗೂ ಇರಲಿಲ್ಲ. ಬೇಸಿಗೆ ಪೂರ್ತಿ ಗುಜರಿಯಿಂದ ಗುಜರಿಗೆ ಅಲೆದು ಮುಖ ಸೊರಗಿ ಸೋರೆಬುರುಡೆ ಆಗಿತ್ತು. ಜೇಬಿಂದ ಎರಡು ಬೇರಿಂಗ್ ತೆಗೆದು ಟೇಬಲ್ ಮೇಲಿಟ್ಟ.

"ಒಂದು ಅಸಲಿ, ಒಂದು ನಕಲಿ. ನಂಬರಿನ ಈ ಸೊನ್ನೆ ನೋಡಿ. ನೆತ್ತಿ ಹತ್ರ ಕೂದಲೆಳೆಯಷ್ಟು ಬಾಯಿ ಬಿಟ್ಟಿದೆ. ಕನ್ನಡಿ ಒಂಚೂರು ತಡವಾಗಿ ತಿರುಗಿದ್ರೆ ಹೀಗಾಗೋದು. ಒಂದೊಂದು ತಲೆಗೂ ಅದರದ್ದೇ ಕೈಬರಹ. ನಂಗೆ ಈ ಕೈಬರಹದ್ದು ಬೇಕು."

ಗುಜರಿಯವನು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. "ಓಹೋ, ಕಳ್ಳನ್ನ ಹಿಡಿಯೋ ಕೆಲಸ. ಪೊಲೀಸ್ನವರಾ?"

"ಹಾಗೆ ಕಾಣ್ತೀನಾ?"

"ಇಲ್ಲ ಬಿಡಿ. ಆಗಿದ್ರೆ ಇಷ್ಟೊತ್ತಿಗೆ ನನ್ನ ಕುರ್ಚೀಲಿ ಕೂತಿರ್ತಿದ್ರಿ." ಆಮೇಲೆ ದನಿ ಇಳಿಸಿದ. "ಹೊಂದದಿದ್ರೆ ವಾಪಸ್ ತನ್ನಿ. ಹೊಂದಿದ್ರೆ ಮಾತ್ರ ಪೊಲೀಸ್ ಹತ್ರ ನನ್ನ ಹೆಸರು ಬರಬಾರದು."

"ಬರಲ್ಲ. ಅಷ್ಟು ಖಾತ್ರಿ ಕೊಡ್ತೀನಿ."

ಬೇರಿಂಗ್‌ನವನ ಮನೆ ಅಂದರೆ ಕೆಳಗೆ ವರ್ಕ್‌ಶಾಪು, ಮೇಲೆ ಸಂಸಾರ. ಬೇರಿಂಗ್ ಮಾಡುತ್ತಿದ್ದ ದೊಡ್ಡ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಆದರೆ ಹಳೇ ಯಂತ್ರ ಇಟ್ಟುಕೊಂಡವರಿಗೆ ಅದೇ ಬೇಕು, ಬೇರೆಯದು ಕೂರಲ್ಲ. ಆ ಕಂಪನಿಯ ಉಳಿದ ದಾಸ್ತಾನು ಇಲ್ಲಿ ಸಿಗುತ್ತೆ ಅಂತ ಬಾಗಿಲ ಮೇಲೆ ಬೋರ್ಡಿತ್ತು. ಈಗ ಒಳಗೆ ಕಾಲಿಡೋಕೆ ಜಾಗ ಇಲ್ಲ. ಗಿರಾಕಿಗಳು ವಾಪಸ್ ಕಳಿಸಿದ ಡಬ್ಬಗಳು ಮೆಟ್ಟಿಲವರೆಗೂ ಪೇರಿಸಿದ್ದವು. ಪ್ರತಿ ಡಬ್ಬದ ಮೇಲೂ ಕೆಂಪು ಪೆನ್ನಲ್ಲಿ ಒಂದೇ ಮಾತು: ನಕಲಿ.

ಉಳಿದಿದ್ದು ಒಬ್ಬನೇ ದೊಡ್ಡ ಗಿರಾಕಿ. ಸೋಮವಾರ ಭೂತಗನ್ನಡಿ ಹಿಡಿದುಕೊಂಡೇ ಬರ್ತೀನಿ ಅಂದಿದ್ದ. ಅವನೂ ಕೈಬಿಟ್ಟರೆ ವರ್ಕ್‌ಶಾಪಿಗೆ ಬೀಗ. ಮೇಲಿನ ಸಂಸಾರಕ್ಕೂ ಅದೇ ಬೀಗ.

"ಮತ್ತೊಂದು ತಲೆ ತಂದ್ರಾ?" ಅಂದಳು ಹೆಂಡತಿ, ಮೆಟ್ಟಿಲ ಮೇಲಿಂದ. "ಇರೋದನ್ನ ಉಪಯೋಗಿಸಿದ್ದಾಯ್ತಾ?"

"ಇದೇ ಕೊನೆ ಕಣೇ."

"ಹೋದ ಸಲದ್ದೂ ಕೊನೇದೇ ಆಗಿತ್ತು."

ಹೆಂಡತಿಯ ತಮ್ಮ ಆಗಲೇ ಮುಚ್ಚಳ ಬಿಚ್ಚಿದ್ದ. ಮೀಟರ್ ಹಿಡಿದು ಪ್ಲಗ್ಗಿನ ಒಂದೊಂದೇ ಪಿನ್ನು ತಡವಿದ. ದಪ್ಪ ತಂತಿ ಹೋಗಿದ್ದು ಕರೆಂಟಿಗೆ. ತೆಳ್ಳಗಿನ ಜೋಡಿ ತಂತಿಗಳು ಕಂಪ್ಯೂಟರಿನ ಅಪ್ಪಣೆಗೆ. ಕನ್ನಡಿಯ ಅಗಲ ಅಳೆದ, ಬೋರ್ಡಿನ ಮೂಲೆಯ ಸಣ್ಣಕ್ಷರ ಓದಿದ. "ಯಾವ ಪೈಕಿ ಅಂತ ಗೊತ್ತಾಯ್ತು ಭಾವ. ನಮ್ಮ ಕಂಪ್ಯೂಟರ್ ಕಾರ್ಡಿನ ಮಾತು ಇದಕ್ಕೆ ಅರ್ಥ ಆಗುತ್ತೆ."

ಅರ್ಥ ಆಗಲಿಲ್ಲ. ಚೌಕ ಬರಿ ಅಂದರೆ ಕನ್ನಡಿ ಕೀರ್ ಅಂತ ಕಿರುಚಿ ಒಂದು ಮೂಲೆಗೆ ಹೋಗಿ ನಿಂತುಬಿಟ್ಟಿತು.

"ಥೇಟ್ ನಿಮ್ಮಕ್ಕ," ಅಂದ ಬೇರಿಂಗ್‌ನವನು.

"ಕೇಳಿಸ್ತು," ಅಂತ ಮೇಲಿಂದ ಬಂತು.

ಭಾಮೈದ ನಗಲಿಲ್ಲ, ನಗೋ ಶಕ್ತಿ ಯಾರಿಗಿತ್ತು. ಒಂದು ಜೋಡಿ ತಂತಿ ತಿರುವು ಮುರುವಾಗಿತ್ತು. ಬಿಚ್ಚಿ ಬೆಸುಗೆ ಹಾಕಿದ. ಈ ಸಲ ಕನ್ನಡಿ ಸಣ್ಣಗೆ ಗುನುಗಿತು. ಸುಡದ ಕೆಂಪು ಚುಕ್ಕಿ ಗೋಡೆ ಮೇಲೆ ಓಡಿ ಚೌಕ ಬರೆಯಿತು, ನಿಲ್ಲು ಅಂದರೆ ನಿಂತಿತು.

ಆಮೇಲೆ ಸುಡೋ ಲೇಸರ್ ಕೂಡಿಸಿ, ಕಪ್ಪು ಕನ್ನಡಕ ಹಾಕಿಕೊಂಡು, ಪೆಟ್ಟಿಗೆ ಮುಚ್ಚಿ, ಉಕ್ಕಿನ ತುಂಡೊಂದರ ಮೇಲೆ ಜೇಬಿನ ಬೇರಿಂಗಿನ ನಂಬರನ್ನೇ ಬರೆಸಿದರು. ಸುಟ್ಟ ವಾಸನೆ ಬಂತು. ಬೇರಿಂಗ್‌ನವನು ಭೂತಗನ್ನಡಿ ತಗೊಂಡ, ನೋಡಲಿಲ್ಲ. ಎಷ್ಟು ಸಲ ಅಂತ ನೋಡ್ತಾನೆ. ಹೆಂಡತಿಯೇ ಇಳಿದು ಬಂದು ಅವನ ಕೈಯಿಂದ ಕಿತ್ತುಕೊಂಡು ಬಗ್ಗಿದಳು.

"ರೀ."

"ಹೇಳು."

"ಬಾಯಿ ಬಿಟ್ಟಿದೆ. ನೆತ್ತಿ ಹತ್ರಾನೇ."

ಜೇಬಲ್ಲಿದ್ದ ಬಾಯಿ ಬಿಟ್ಟ ಸೊನ್ನೆಯ ಬೇರಿಂಗ್ ಪಕ್ಕದಲ್ಲಿಟ್ಟು ನೋಡಿದರು. ಅದೇ ಸೊನ್ನೆ, ಅದೇ ಬಿರುಕು. ಬೇರಿಂಗ್‌ನವನು ಅಲ್ಲೇ ಒಂದು ಡಬ್ಬದ ಮೇಲೆ ಕುಸಿದು ಕೂತು ಮುಖ ಒರೆಸಿಕೊಂಡ. "ಸದ್ಯ. ಇನ್ನು ಯಾರೂ ನಮ್ಮನ್ನ ನಕಲಿ ಅನ್ನಲ್ಲ."

"ಮೊದಲು ಎದ್ದೇಳಿ," ಅಂದಳು ಅವಳು. "ಆ ಡಬ್ಬ ಬೇಕು."

ಭಾಮೈದ ಡಬ್ಬ ಒಡೆದು ಒಂದು ಬೇರಿಂಗ್ ತೆಗೆದ. ಪಾಲಿಶ್ ಚಕ್ರ ಶುರು ಮಾಡಿ ಅದರ ನಂಬರನ್ನ ಚಕ್ರಕ್ಕೆ ಒತ್ತಿ ಹಿಡಿದ.

"ಮೆತ್ತಗೆ ಉಜ್ಜೋ," ಅಂದಳು ಅಕ್ಕ. "ನಾವು ಬರೆದಿದ್ದು ಹೋದ್ರೆ ಸಾಕು, ಅಲ್ಲೇ ಈ ತಲೆ ಬರೆಯುತ್ತೆ."

ಆ ಕಂಪನಿ ಬಾಗಿಲು ಮುಚ್ಚೋವರೆಗೂ ಅದರ ಅಸಲಿ ಬೇರಿಂಗ್‌ನ ಸೊನ್ನೆ ಒಂದು ದಿನವೂ ಬಾಯಿ ಮುಚ್ಚಿರಲಿಲ್ಲ. ದುಂಡಗೆ, ಲಕ್ಷಣವಾಗಿ ಮುಚ್ಚಿದ್ದು ಇವರು ಈ ವರ್ಕ್‌ಶಾಪಲ್ಲಿ ಬರೆದ ಸೊನ್ನೆ ಮಾತ್ರ.