ಒಳಗೆ ಬಾರದ ತಾಯಿ

ದಾಂಡೇಲಿಯ ತವರಿನಿಂದ ಬಂದ ಸುಮಿತಾ ಮಳಗಿಯ ತನ್ನ ಮನೆಯ ಅಂಗಳದಲ್ಲೇ ನಿಂತುಬಿಟ್ಟಳು. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದ್ದರು. ಒಳಗೆ ಎರಡು ವರ್ಷದ ಮಗಳು ದ್ರಾಕ್ಷಾಯಣಿ ಅಳುತ್ತಿದ್ದಳು.

“ಚೀಲ ಅಲ್ಲೇ ಇಟ್ಟು ಲಗೂನ ಬಾ,” ಅತ್ತೆ ಗುರುಬಸವ್ವ ಬಾಗಿಲಿಗೆ ಬಂದು ಕರೆದಳು. “ನಿನ್ನಿ ಮುಂಜಾನಿಂದ ಕೂಸಿನ ಮೈಮ್ಯಾಲ ಅಮ್ಮ ಬಂದಾಳ. ಅವ್ವಾ ಅವ್ವಾ ಅಂತ ಒಂದ ಸಮ ಒದರಾಕತ್ತೈತಿ.”

“ನಾ ಒಳಗ ಬರೂದಿಲ್ರಿ ಅತ್ತಿ.”

ಗುರುಬಸವ್ವ ತಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂಬಂತೆ ನೋಡಿದಳು. ಸುಮಿತಾ ತನ್ನ ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದೇ ಮಾತು ಇನ್ನೊಮ್ಮೆ ಹೇಳಿದಳು. ತಂದೆಯ ಕಣ್ಣಿನ ಆಪರೇಷನ್ನಿಗೆಂದು ಮಗಳನ್ನು ಇಲ್ಲಿ ಬಿಟ್ಟು ಹೋಗಿ ಹತ್ತು ದಿನವಾಗಿತ್ತು. ಮುಂಡಗೋಡದಲ್ಲಿ ಬಸ್ಸು ಬದಲಿಸುವಾಗ, ಮಗಳ ಮೈಮೇಲೆ ಗುಳ್ಳೆ ಎದ್ದಿವೆ, ಡಾಕ್ಟರ ಹತ್ತಿರ ಔಷಧ ತಂದಿದ್ದೇನೆ ಎಂದು ಗಂಡನ ಫೋನು ಬಂತು. ಕೂಡಲೇ ಅವಳು ತನ್ನನ್ನು ನೋಡುವ ನರ್ಸಮ್ಮನಿಗೆ ಫೋನ್ ಹಚ್ಚಿದ್ದಳು. ಸಣ್ಣವಳಿದ್ದಾಗ ನಿನಗೆ ಈ ಸೀತಾಳೆ ಸಿಡುಬು ಬಂದಿತ್ತೇನು ಎಂದು ನರ್ಸಮ್ಮ ಕೇಳಿದಳು. ಬಂದಿರಲಿಲ್ಲ. “ಹಂಗಾದ್ರ ನಿನಗೂ ಹೊಟ್ಟ್ಯಾಗಿನ ಕೂಸಿಗೂ ಧೋಕಾ ಐತಿ. ಗುಳ್ಳಿ ಪೂರಾ ಒಣಗೂತನಕ ಆ ಮನ್ಯಾಗ ಕಾಲಿಡಬ್ಯಾಡ,” ಅಂದಿದ್ದಳು.

“ಹಡದಾಕಿ ಮಗ್ಗಲಾಗ ಇರಲಿಲ್ಲಂದ್ರ ಅಮ್ಮ ಮುನಿತಾಳ. ನಾ ನಾಕು ಮಕ್ಕಳನ್ನ ಹಿಂಗ ನೋಡ್ಕೊಂಡಾಕಿ, ನನಗ ಹೇಳ್ತಿ?” ಗುರುಬಸವ್ವನ ದನಿ ಏರಿತು.

ಅಷ್ಟರಲ್ಲಿ ಗಂಡ ಉದಯಕುಮಾರ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದ. ಮಗುವಿನ ಮುಖ, ಕತ್ತು, ರೆಪ್ಪೆ, ಎಲ್ಲೆಲ್ಲೂ ನೀರು ತುಂಬಿದ ಗುಳ್ಳೆಗಳು. ಅವ್ವನನ್ನು ಕಂಡದ್ದೇ ಎರಡೂ ಕೈ ಚಾಚಿತು. ಸುಮಿತಾ ಹಿಂದೆ ಸರಿದಳು. ಮಗು ಒಂದು ಗಳಿಗೆ ಅಳುವುದನ್ನೇ ಮರೆತು ಅವಳನ್ನು ನೋಡಿತು. ಆಮೇಲೆ ಉಸಿರುಗಟ್ಟಿದಂತೆ ಚೀರಿತು.

“ಒಂದ ಸಲ ಎತ್ಕೋ, ಸಮಾಧಾನ ಆಗ್ತೈತಿ,” ಅಂದ ಉದಯಕುಮಾರ. “ನನ್ನ ಕೈಲೆ ಆಗವಲ್ದು.”

“ಒಳಗ ಒಯ್ರಿ ಆಕೀನ್ನ,” ಸುಮಿತಾ ಹಲ್ಲು ಕಚ್ಚಿ ಹೇಳಿದಳು. “ಡಾಕ್ಟರು ಕೊಟ್ಟ ಔಷಧ ಎಲ್ಲೈತಿ?”

“ಗ್ವಾಡಿ ಮಾಡದಾಗ ಇಟ್ಟೇನಿ. ಹಾಕಬ್ಯಾಡ ಅಂದ್ಲು ಅವ್ವ.”

“ಬೇವಿನ ತಪ್ಪಲ ಹಾಸ್ರಿ, ಅಮ್ಮಗ ಕೈ ಮುಗೀರಿ. ನಾನೂ ಇಲ್ಲಿಂದನ ಮುಗೀತೇನಿ. ಆದ್ರ ಜ್ವರದ ಔಷಧ ಈಗಿಂದೀಗ ಬಾಯಾಗ ಹೋಗಬೇಕು. ಕೆರಕೊಳ್ಳದಂಗ ಉಗುರು ತಗೀರಿ. ಮೈ ಒರಸಿ ಆ ಗುಲಾಬಿ ಲೋಷನ್ ಹಚ್ರಿ.”

“ನನಗೆಲ್ಲಿ ಬರ್ತೈತಿ ಅದೆಲ್ಲಾ?”

“ಗಾಡಿ ಹೊಡಿಯೂದು ಹುಟ್ಟಿದಾಗಿಂದ ಬರ್ತಿತ್ತೇನು? ಕಲೀರಿ.”

ಎದುರು ಮನೆಯ ಸುಗರಾ ಎಲ್ಲವನ್ನೂ ನೋಡುತ್ತಿದ್ದಳು. ಏನೂ ಕೇಳದೆ ಬಂದು ಚೀಲ ಎತ್ತಿಕೊಂಡು, “ನಮ್ಮ ಮುಂದಿನ ಖೋಲಿ ಖಾಲಿ ಐತಿ, ಬಾ,” ಅಂದಳು.

ಉದಯಕುಮಾರ ಗಾಡಿಯಲ್ಲಿ ಗೋವಿನಜೋಳ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲಿ ಕೂತ. ಮೊದಲ ದಿನ ಉಗುರು ತೆಗೆಯುವಾಗ ಮಗಳ ಬೆರಳಿಗೆ ಗಾಯ ಮಾಡಿ, ಅವಳಿಗಿಂತ ಹೆಚ್ಚು ತಾನೇ ಅತ್ತ. ಮೂರನೆಯ ದಿನ ಅವ್ವ ಬೇಡ ಬೇಡ ಅಂದರೂ ಕೇಳದೆ ಉಗುರುಬೆಚ್ಚಗಿನ ನೀರಿನಲ್ಲಿ ಮಗಳಿಗೆ ಸ್ನಾನ ಮಾಡಿಸಿದ. ಗುರುಬಸವ್ವ ಆ ದಿನವಿಡೀ ಮಗನ ಜೊತೆ ಮಾತಾಡಲಿಲ್ಲ. ಆದರೆ ಮರುದಿನ ಒಲೆಯ ಮೇಲೆ ಬೇವಿನ ತಪ್ಪಲು ಹಾಕಿ ನೀರು ಕಾಯಿಸಿಟ್ಟವಳು ಅವಳೇ. ಸುಗರಾಳ ಮನೆಯಲ್ಲಿ ಸೊಸೆ ಕುಳಿತಿದ್ದ ಕಿಟಕಿಯ ಕಡೆಗೆ ಮಾತ್ರ ಕತ್ತು ಹೊರಳಿಸಲಿಲ್ಲ.

ನಲ್ಲಿಯ ಹತ್ತಿರ ಹೆಂಗಸರು ಸುಮಿತಾಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಕಾಶೆವ್ವ ಮಾತ್ರ ಎದುರಿಗೇ ಕೇಳಿದಳು: “ಹಡದ ಮಗಳನ್ನ ಮುಟ್ಟಾಕ ಅಂಜಾಕಿ, ನೀ ಎಂಥಾ ತಾಯಿ ಬೇ?”

“ಎರಡು ಮಕ್ಕಳ ತಾಯಿರಿ. ನಿಮಗ ಒಂದ ಕಾಣಾಕತ್ತೈತಿ.” ಸುಮಿತಾ ತನ್ನ ಕೊಡ ತುಂಬುವವರೆಗೂ ಅಲ್ಲೇ ನಿಂತಿದ್ದಳು.

ಐದನೆಯ ದಿನ ತಮ್ಮ ಮನೆಯಿಂದ ಕೇಳುತ್ತಿದ್ದ “ಅವ್ವಾ” ಎಂಬ ಕೂಗು ನಿಂತಿತು. ಮಗಳು ಈಗ “ಅಪ್ಪಾ” ಎಂದು ಕರೆಯುತ್ತಿದ್ದಳು. ಆ ಕೂಗನ್ನು ತಡೆದುಕೊಂಡಿದ್ದ ಸುಮಿತಾಳಿಗೆ ಈ ಕೂಗನ್ನು ತಡೆದುಕೊಳ್ಳಲಾಗಲಿಲ್ಲ. ಎದ್ದು ರಸ್ತೆ ದಾಟಿ ತಮ್ಮ ಗೇಟಿನವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಹಾಗೇ ನಿಂತಿದ್ದು, ಕೈ ತೆಗೆದು ತಿರುಗಿ ಬಂದಳು.

ಹನ್ನೊಂದನೆಯ ದಿನ ಫೋನಿನಲ್ಲಿ ಮಗುವಿನ ಮೈ ನೋಡಿದ ನರ್ಸಮ್ಮ ಇನ್ನು ಹೋಗಬಹುದು ಅಂದಳು. ಸುಮಿತಾ ಒಳಗೆ ಕಾಲಿಟ್ಟಾಗ ದ್ರಾಕ್ಷಾಯಣಿ ಅಪ್ಪನ ತೊಡೆಯ ಮೇಲೆ ಕೂತು ಚುರುಮುರಿ ತಿನ್ನುತ್ತಿದ್ದಳು. ಸುಮಿತಾ ಕೈ ಚಾಚಿದಳು. ಮಗಳು ಅವಳನ್ನು ದಿಟ್ಟಿಸಿ ನೋಡಿ, ಅಪ್ಪನ ಎದೆಯಲ್ಲಿ ಮುಖ ಹುದುಗಿಸಿಕೊಂಡಳು.

“ನೋಡ್ದಿ?” ಗುರುಬಸವ್ವ ಇಷ್ಟು ದಿನದ ಮೇಲೆ ಸೊಸೆಯ ಜೊತೆ ಮಾತಾಡಿದಳು. “ನೀ ಹಿಂದ ಸರದಿದ್ದು ಕೂಸು ಮರತಿಲ್ಲ.”

ಉದಯಕುಮಾರ ಗಾಬರಿಯಾಗಿ ಮಗಳನ್ನು ಎತ್ತಿ ಹೆಂಡತಿಯ ಕೈಗೆ ಕೊಡಲು ಹೋದ.

“ಬ್ಯಾಡ, ಒತ್ತಾಯ ಮಾಡಬ್ಯಾಡ್ರಿ.” ಸುಮಿತಾ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತು ಕಾಲು ಚಾಚಿದಳು. ಕಣ್ಣು ತುಂಬಿದ್ದವು, ದನಿ ನಡುಗಲಿಲ್ಲ.

“ಸಿಟ್ಟ ಮಾಡ್ಲಿ ಬಿಡ್ರಿ ಅತ್ತಿ. ಸಿಟ್ಟ ಮಾಡಾಕ ಆಕಿನೂ ಇದ್ದಾಳ, ಮಾಡಿಸ್ಕೊಳ್ಳಾಕ ನಾನೂ ಇದ್ದೇನಿ.”