ಉಪ್ಪುನೀರಿಗೆ ಸೋತ ಸ್ಕ್ರೂ

ಗಾಜಿನ ಲೋಟದೊಳಗಿನ ಉಪ್ಪುನೀರಿನಿಂದ ಇಕ್ಕಳದಲ್ಲಿ ಸ್ಕ್ರೂ ಎತ್ತಿ ನೋಡಿದ ಮಾವನವರಿಗೆ ನಗು ತಡೆಯಲಾಗಲಿಲ್ಲ. ಅದು ಅರ್ಧಕ್ಕರ್ಧ ಕರಗಿತ್ತು, ಮಗು ಚೀಪಿ ಉಗುಳಿದ ಪೆಪ್ಪರಮಿಂಟಿನ ಹಾಗೆ.

“ಇದಕ್ಕಾ ಇಷ್ಟು ವರ್ಷ ಎರಕದ ಒಲೆ ಮುಂದೆ ಬೆಂದಿದ್ದು ನೀನು?”

ಸೊಸೆ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆರಳದ್ದಿ, ನೀರು ಉಗುರುಬೆಚ್ಚಗಿದೆಯೇ ಎಂದು ನೋಡಿದಳು. “ಎಲ್ಲಾ ಕಡೆ ಒಂದೇ ಸಮ ಕರಗಿದೆ ಮಾವ,” ಎಂದಳು, ಅದೇನೋ ಘನಂದಾರಿ ಸಾಧನೆ ಎಂಬಂತೆ.

ಮಾವನವರು ಒಂದು ಕಾಲಕ್ಕೆ ವಿಮಾನದ ಗೇರುಪೆಟ್ಟಿಗೆಗಳನ್ನು ಮೆಗ್ನೀಷಿಯಂನಲ್ಲಿ ಎರಕ ಹೊಯ್ಸಿದವರು. ಈಗ ನಿವೃತ್ತರಾದರೂ ಸೊಸೆಯ ಪ್ರಯೋಗಾಲಯದ ನಿರ್ದೇಶಕರು ಅವರ ಮಾತಿಗೆ ಕಿವಿಗೊಡುತ್ತಿದ್ದರು. ಇಂದಿನ ಸಭೆಯಲ್ಲಿ ಅವರು ಬೇಡವೆಂದರೆ ಸೊಸೆಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಬೇಡವೆನ್ನಲು ಅವರ ನಾಲಿಗೆ ಬೆಳಗಿನಿಂದ ತುರಿಸುತ್ತಿತ್ತು.

ಮೆಗ್ನೀಷಿಯಂ ಮೊದಲೇ ಮೆತ್ತನೆಯ ಜೀವ. ಅಲ್ಯೂಮಿನಿಯಂ ಬೆರೆಸಿದರೆ ಗಟ್ಟಿಯಾಗುತ್ತದೆ. ಎರಕದ ಮನೆಯ ಕಸ ಗುಡಿಸುವವನಿಗೂ ಗೊತ್ತಿರುವ ವಿಷಯ. ಈ ಮಹಾತಾಯಿ ಮಾತ್ರ ತನ್ನ ಮೆಗ್ನೀಷಿಯಂ ಸ್ಕ್ರೂಗೆ ಅಲ್ಯೂಮಿನಿಯಂ ಎಂದರೆ ಮೂಗು ಮುರಿಯುತ್ತಾಳೆ. ಒಂದಿಷ್ಟು ಸತು, ಚಿಟಿಕೆ ಕ್ಯಾಲ್ಸಿಯಂ, ಅಷ್ಟೇ ಸಾಕಂತೆ. ಆ ಚಿಟಿಕೆಯಿಂದ ಲೋಹದೊಳಗಿನ ಹರಳುಗಳು ಸಣ್ಣದಾಗಿ, ಒತ್ತೊತ್ತಾಗಿ ಕೂತು ಬಲ ಬಂದದ್ದನ್ನು ಅವರೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಒಪ್ಪಿಕೊಳ್ಳುವುದುಂಟೇ!

“ಕ್ಯಾಲ್ಸಿಯಂ ಇನ್ನೊಂದು ಚೂರು ಜಾಸ್ತಿಯಾದ್ರೆ ಹರಳುಗಳ ಅಂಚಿಗೆ ಪೆಡಸಾದ ಗೆರೆ ಕಟ್ಟುತ್ತೆ, ಪಟ್ ಅಂತ ಮುರಿಯುತ್ತೆ. ಗೊತ್ತಾ?”

“ಗೊತ್ತು. ಅದಕ್ಕೇ ಚೂರೇ ಹಾಕಿರೋದು. ಇದನ್ನ ಎಲ್ಲಿಗೆ ಹಾಕ್ತಾರೆ ಅಂತ ಒಂದ್ಸಲನಾದ್ರೂ ಕೇಳಿ ಮಾವ.”

“ಎಲ್ಲಿಗಾದ್ರೂ ಹಾಕ್ಲಿ, ಅದು ಮಾರೋನ ತಲೆನೋವು. ಸ್ಕ್ರೂ ಅಂದ್ಮೇಲೆ ಕಚ್ಕೊಂಡಿರ್ಬೇಕು.”

ಅವಳು ನಿಟ್ಟುಸಿರು ಬಿಟ್ಟಳು. “ಕಾಲು ಹೇಗಿದೆ ಮಾವ?”

ದಿನಾ ಬೆಳಗಾದರೆ ಇದೇ ಪ್ರಶ್ನೆ. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೇ? ಅವರು ಮುಖ ತಿರುಗಿಸಿ ಸಭೆಗೆ ನಡೆದರು.

ಸಭೆಯ ಮೂಲೆಯಲ್ಲಿ ಮೂಳೆ ಡಾಕ್ಟರು ಕೂತಿದ್ದರು. ಮೆಟ್ಟಿಲಲ್ಲಿ ಜಾರಿ ಪಾದದ ಕೀಲು ಮುರಿದುಕೊಂಡಾಗ ಮಾವನವರಿಗೆ ಆಪರೇಷನ್ ಮಾಡಿದವರು. ಇವರಿಗೇನು ಕೆಲಸ ಇಲ್ಲಿ? ತಮ್ಮ ಮಾತು ಕೇಳಲು ಬಂದಿರಬೇಕು ಎಂದುಕೊಂಡು ಮಾವನವರು ಇನ್ನಷ್ಟು ಎದೆಯುಬ್ಬಿಸಿದರು. ನಂತರ ಸೊಸೆಯ ಲೋಹವನ್ನು ಎತ್ತಿ, ಝಾಡಿಸಿ, ನೀರಿಳಿಸಿದರು. ಕೊನೆಗೆ ನಿರ್ದೇಶಕರು, “ಹಾಗಾದ್ರೆ ನಿಲ್ಲಿಸಿಬಿಡೋಣ ಅಂತೀರಾ?” ಎಂದರು.

“ಇವತ್ತೇ ನಿಲ್ಸಿ. ಸ್ಕ್ರೂ ಅಂದ್ರೆ ಹೇಗಿರ್ಬೇಕು, ಇಲ್ನೋಡಿ.” ಎದ್ದು ನಿಂತು ಬಲಗಾಲನ್ನು ನೆಲಕ್ಕೆ ಅಪ್ಪಳಿಸಿದರು. “ಡಾಕ್ಟ್ರು ಹಾಕಿ ಎರಡು ವರ್ಷ ಆಯ್ತು. ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಬೇಕಾದ್ರೆ ಅವರನ್ನೇ ಕೇಳಿ.”

ಎಲ್ಲರೂ ಮೂಲೆಯತ್ತ ತಿರುಗಿದರು. ಸೊಸೆ ತಲೆ ತಗ್ಗಿಸಿದಳು.

“ಆಪರೇಷನ್‌ಗೆ ಮುಂಚೆ ಸ್ಕ್ರೂ ಬಗ್ಗೆ ವಿವರಿಸೋಕೆ ಬಂದಿದ್ದೆ ಸರ್. ಲೋಹದ ಪಾಠ ನನಗೇ ಹೇಳ್ತೀರಾ, ಒಪ್ಪಿಗೆ ಇದೆ, ಯಾವುದಾದ್ರೂ ಹಾಕಿ ಅಂದ್ಬಿಟ್ರಿ,” ಎಂದರು ಡಾಕ್ಟರು ಮೆತ್ತಗೆ. “ಮೂಳೆ ಕೂಡೋವರೆಗೆ ಹಿಡ್ಕೊಂಡಿದ್ದು ಆಮೇಲೆ ಕರಗಿಹೋಗ್ಲಿ, ತೆಗೆಯೋಕೆ ಇನ್ನೊಂದ್ಸಲ ಕೊಯ್ಯೋದು ಬೇಡ ಅಂತ ನಿಮ್ಮ ಸೊಸೆ ಮಾಡಿದ ಸ್ಕ್ರೂನೇ ಅದು, ಈಗ ನಿಮ್ಮ ಕಾಲಲ್ಲಿ ಏನೂ ಉಳಿದಿಲ್ಲ.”